ಓದಬೇಕಾದ ಕ್ರೈಸ್ತ ಪುಸ್ತಕಗಳು

ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ಗುಡಿ ನಮ್ಮ ಸೀಮೆಯವರಿಗೆ ಹೊಸದಲ್ಲ. ಹೊಲ ಉಳುವಾಗ ರೈತನೊಬ್ಬನಿಗೆ ಮರದ ಪ್ರತಿಮೆ ಸಿಕ್ಕಿತು, ಬೊಂಬೆಯೆಂದು ಅದು ಮಕ್ಕಳ ಕೈ ಸೇರಿತು, ಆಮೇಲೆ ಸಂತರು ಕನಸಿನಲ್ಲಿ ಬಂದು ಗುಡಿ ಕಟ್ಟಿಸಿಕೊಂಡರು ಎಂಬ ಐತಿಹ್ಯವಿದೆ. ಜೂನ್ 13ರ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಹೋಗಿ ಹರಕೆ ಒಪ್ಪಿಸಿ ಬರುತ್ತಾರೆ. ಕಳೆದುಹೋದ ವಸ್ತು ಸಿಗಲಿ ಎಂದು ಬೇಡಿಕೊಳ್ಳುವುದು ಈ ಸಂತರನ್ನೇ. ಆ ನಂಬಿಕೆಯ ಹಿಂದೆ ಇರುವುದು ಒಂದು ಪುಸ್ತಕ. 1195ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಇಟಲಿಯ ಪಾದುವಾದಲ್ಲಿ ತೀರಿಕೊಂಡ ಅಂತೋಣಿಯವರ ಹತ್ತಿರ ಕೈಬರಹದ ಕೀರ್ತನೆಗಳ ಪುಸ್ತಕವೊಂದಿತ್ತು. ಪಾಠಕ್ಕೆ ಬೇಕಾದ ಟಿಪ್ಪಣಿಗಳನ್ನೆಲ್ಲ ಅದರಲ್ಲೇ ಬರೆದುಕೊಂಡಿದ್ದರು. ಮಠ ಬಿಟ್ಟು ಓಡಿದ ಎಳೆಯ ಶಿಷ್ಯನೊಬ್ಬ ಅದನ್ನು ಹೊತ್ತೊಯ್ದ. ಇವರು ಪ್ರಾರ್ಥಿಸಿದರು, ಅವನು ಪುಸ್ತಕವನ್ನೂ ತಂದುಕೊಟ್ಟ, ತಾನೂ ಮಠಕ್ಕೆ ಮರಳಿದ. ಅಚ್ಚುಕೂಟ ಇನ್ನೂ ಹುಟ್ಟಿರದ ಕಾಲದಲ್ಲಿ ಒಂದು ಪುಸ್ತಕ ಹೋಯಿತೆಂದರೆ ವರ್ಷಗಳ ದುಡಿಮೆಯೇ ಹೋದಂತೆ. ಅಂತೋಣಿಯವರ ಪ್ರತಿಮೆಗಳಲ್ಲಿ ಬಾಲಯೇಸುವಿನ ಜೊತೆಗೆ ಪುಸ್ತಕವೂ ಇರುವುದನ್ನು ಮುಂದಿನ ಸಲ ಹೋದಾಗ ಗಮನಿಸಿ.

ನಮ್ಮ ಸೀಮೆಯ ಹಂಪಾಪುರದಂಥ ಊರಿನ ಓದುಗರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಕನ್ನಡದ ಕ್ರೈಸ್ತ ಪುಸ್ತಕಗಳಲ್ಲಿ ಯಾವುದನ್ನು ಓದಿ ಎಂದು ಹೇಳುವುದು ಈ ಅಧ್ಯಾಯದ ಕೆಲಸ. ಇವು ಚರ್ಚಿಗೆ ಹೋಗುವವರ ಪುಸ್ತಕಗಳು, ನಮಗೇಕೆ ಎನ್ನುವವರು ಬಹಳ. ಆ ಮಾತನ್ನು ನಾನು ಒಪ್ಪುವುದಿಲ್ಲ. ಉಪದೇಶವನ್ನೇ ಮುಂದಿಟ್ಟುಕೊಂಡ ಕರಪತ್ರಗಳನ್ನು ಬದಿಗಿಟ್ಟರೆ ಉಳಿಯುವುದರಲ್ಲಿ ಒಳ್ಳೆಯ ಕಥೆ ಇದೆ, ಒಳ್ಳೆಯ ಕನ್ನಡವೂ ಇದೆ.

ಮೊದಲು ಓದಬೇಕಾದದ್ದು ಲೂಕನು ಬರೆದ ಸುವಾರ್ತೆ. ಇಡೀ ಸತ್ಯವೇದ, ಅಂದರೆ ಬೈಬಲ್, ಬೇಡ, ಆ ಒಂದು ಭಾಗ ಸಾಕು. ನಾಲ್ಕೈದು ಸಂಜೆಗಳಲ್ಲಿ ಮುಗಿಯುತ್ತದೆ. ಕೊಳ್ಳುವವರಿಗೆ ಒಂದು ಮಾತು: ಪ್ರೊಟೆಸ್ಟಂಟರ ಸತ್ಯವೇದದಲ್ಲಿ 66 ಗ್ರಂಥಗಳಿವೆ, ಕಥೋಲಿಕರದರಲ್ಲಿ 73. ಲೂಕನ ಭಾಗ ಎರಡರಲ್ಲೂ ಇದೆ. ಮಕ್ಕಳಿಗೆ ಓದಿ ಹೇಳುವುದಾದರೆ ಎಂಟನೆಯ ಅಧ್ಯಾಯದ ಬಿತ್ತುವವನ ಕಥೆಯಿಂದ ಶುರು ಮಾಡಬಹುದು. ದಾರಿಯ ಮೇಲೆ ಬಿದ್ದ ಬೀಜ, ಕಲ್ಲುನೆಲದಲ್ಲಿ ಮೊಳೆತು ಒಣಗಿದ್ದು, ಮುಳ್ಳಿನ ನಡುವೆ ಸಿಕ್ಕಿ ಮೇಲೇಳದೆ ಹೋದದ್ದು, ಹದವಾದ ನೆಲದಲ್ಲಿ ನೂರ್ಮಡಿ ಕೊಟ್ಟದ್ದು. ರಾಗಿ ಬಿತ್ತುವ ಮನೆಯ ಮಗುವಿಗೆ ಇದರ ಅರ್ಥ ಬಿಡಿಸಿ ಹೇಳುವ ಕೆಲಸವೇ ಇಲ್ಲ.

ನನ್ನ ಮಟ್ಟಿಗೆ ಹದಿನೈದನೆಯ ಅಧ್ಯಾಯ ಎಲ್ಲಕ್ಕಿಂತ ದೊಡ್ಡದು. ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು. ಅಪ್ಪ ಬದುಕಿರುವಾಗಲೇ ಕಿರಿಯ ಮಗ ತನ್ನ ಪಾಲು ಕೇಳುತ್ತಾನೆ. ಹಾಗೆ ಕೇಳುವುದು ಎಂಥ ಮಾತು ಎಂದು ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಯಾವ ಹಟ್ಟಿಯಲ್ಲೂ ಗೊತ್ತು. ಪಾಲು ತೆಗೆದುಕೊಂಡು ದೂರದೇಶದಲ್ಲಿ ಕಳೆದು, ಕೊನೆಗೆ ಹಂದಿ ಕಾಯುತ್ತ ಹಸಿದು ಮನೆಗೆ ಹೊರಡುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ಅಪ್ಪ ನೋಡಿ ಓಡಿಬಂದು ತಬ್ಬಿಕೊಳ್ಳುತ್ತಾನೆ. ಹೆಚ್ಚಿನವರಿಗೆ ನೆನಪಿರುವುದು ಇಷ್ಟೇ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೊಲದಿಂದ ಬಂದ ಹಿರಿಯ ಮಗ, ಔತಣದ ಸದ್ದು ಕೇಳಿ ಸಿಟ್ಟಾಗಿ ಬಾಗಿಲಲ್ಲೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದ ನನಗೆ ಒಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಎಂಬುದು ಅವನ ದೂರು. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅಣ್ಣ ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಪುಸ್ತಕ ಮುಚ್ಚಿಟ್ಟು, ಅವನು ಹೋಗಿರಬಹುದೇ ಎಂದು ಮಕ್ಕಳನ್ನು ಕೇಳಿ ನೋಡಿ. ಅಣ್ಣಂದಿರ ಉತ್ತರ ಒಂದಾದರೆ ತಮ್ಮಂದಿರ ಉತ್ತರ ಇನ್ನೊಂದು.

ಹತ್ತು ವರ್ಷ ದಾಟಿದ ಮಕ್ಕಳಿಗೆ ಟಾಲ್‌ಸ್ಟಾಯ್ ಬರೆದ ಚಿಕ್ಕ ಕಥೆಗಳು. ಕನ್ನಡಕ್ಕೆ ಅವು ಹಲವು ಸಲ ಬಂದಿವೆ. ಅವುಗಳಲ್ಲಿ 1885ರ ಒಂದು ಕಥೆ ಮಾರ್ಟಿನ್ ಎಂಬ ಚಮ್ಮಾರನದು. ನೆಲಮಾಳಿಗೆಯಲ್ಲಿ ಅವನ ವಾಸ. ಕಿಟಕಿಯಿಂದ ಕಾಣುವುದು ಬೀದಿಯಲ್ಲಿ ಹೋಗುವವರ ಕಾಲು ಮಾತ್ರ. ತಾನೇ ರಿಪೇರಿ ಮಾಡಿದ ಬೂಟು ನೋಡಿ ಇಂಥವರು ಎಂದು ಗುರುತು ಹಿಡಿಯುತ್ತಾನೆ. ಹೆಂಡತಿ, ಮಗನನ್ನು ಕಳೆದುಕೊಂಡು ದೇವರ ಮೇಲೆ ಮುನಿದಿದ್ದವನು ರಾತ್ರಿ ದೀಪ ಹಚ್ಚಿಕೊಂಡು ಇದೇ ಲೂಕನ ಸುವಾರ್ತೆ ಓದತೊಡಗುತ್ತಾನೆ. ನಾಳೆ ಬರುತ್ತೇನೆ ಎಂದು ಯೇಸು ಹೇಳಿದಂತೆ ಕೇಳಿಸುತ್ತದೆ. ಮಾರನೆಯ ದಿನ ಕಿಟಕಿಯ ಮೇಲೆ ಕಣ್ಣಿಟ್ಟು ಕೂತವನಿಗೆ ಕಂಡದ್ದು ಹಿಮ ಗುಡಿಸುವ ಮುದುಕ, ಚಳಿಯಲ್ಲಿ ನಡುಗುವ ಬಾಣಂತಿ, ಸೇಬು ಕದ್ದ ಹುಡುಗ ಮತ್ತು ಅವನ ಜುಟ್ಟು ಹಿಡಿದ ಅಜ್ಜಿ. ಮುದುಕನಿಗೆ ಚಹಾ, ಬಾಣಂತಿಗೆ ಊಟ ಬಟ್ಟೆ ಕೊಡುತ್ತಾನೆ. ಅಜ್ಜಿ ಹುಡುಗರ ಜಗಳ ಬಿಡಿಸುತ್ತಾನೆ. ಯಾರು ಬಂದಿದ್ದರು ಎಂಬುದು ಅವನಿಗೆ ಆ ರಾತ್ರಿ ತಿಳಿಯುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಓದಲು ಇದಕ್ಕಿಂತ ಒಳ್ಳೆಯ ಕಥೆ ಸಿಗುವುದು ಕಷ್ಟ.

ನಮ್ಮ ನೆಲದ ಕಥೆಯೇ ಬೇಕು ಎನ್ನುವ ಮಕ್ಕಳಿಗೆ ನಾ. ಡಿಸೋಜ. ಸಾಗರದ ಈ ಲೇಖಕರು ಲೋಕೋಪಯೋಗಿ ಇಲಾಖೆಯ ಕೆಲಸದಲ್ಲಿದ್ದು ಶರಾವತಿಯ ಮುಳುಗಡೆಯನ್ನು ಕಣ್ಣಾರೆ ಕಂಡವರು. 'ಮುಳುಗಡೆಯ ಊರಿಗೆ ಬಂದವರು' ಎಂಬ ಅವರ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಬಂತು. ಮುಳುಗಡೆ ನಮ್ಮ ಕಡೆಗೂ ಹೊಸದಲ್ಲ. 1974ರಲ್ಲಿ ಬೀಚನಹಳ್ಳಿಯ ಹತ್ತಿರ ಕಬಿನಿ ಜಲಾಶಯ ತುಂಬಿದಾಗ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ನೀರುಪಾಲಾದವು; ಆ ಊರುಗಳ ಹೆಸರು ಹೇಳುವ ಅಜ್ಜ ಅಜ್ಜಿಯರು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇನ್ನೂ ಇದ್ದಾರೆ. ಡಿಸೋಜರ ಈ ಕೃತಿಯನ್ನು ಕ್ರೈಸ್ತ ಪುಸ್ತಕ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ಇದರಲ್ಲಿ ಮತದ ಬೋಧನೆ ಇಲ್ಲ ನಿಜ. ಇಗರ್ಜಿಯ ನೆರಳಲ್ಲಿ ಬೆಳೆದ ಲೇಖಕರೊಬ್ಬರು ನೆಲೆ ತಪ್ಪಿದವರ ಪರವಾಗಿ ಜೀವಮಾನವಿಡೀ ಬರೆದದ್ದನ್ನು ಈ ಪಟ್ಟಿಯಿಂದ ಹೊರಗಿಡಲು ನನಗೆ ಮನಸ್ಸಿಲ್ಲ.

ಇನ್ನು ದೊಡ್ಡವರಿಗೆ. ಕನ್ನಡದಲ್ಲಿ ಕ್ರೈಸ್ತ ಬರವಣಿಗೆ ಹಳೆಯದು. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಧರ್ಮಬೋಧೆ, ವ್ಯಾಕರಣ ಬರೆದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು 1831ರ ಹೊತ್ತಿಗೆ ಕನ್ನಡದಲ್ಲಿ ಮುಗಿಸಿದರು. ಇಂಗ್ಲೆಂಡಿನ ಜಾನ್ ಬನ್ಯನ್ ಸೆರೆಮನೆಯಲ್ಲಿ ಕೂತು ಬರೆದ, 1678ರಲ್ಲಿ ಅಚ್ಚಾದ ಕಥೆ 1847ರಲ್ಲಿ 'ಯಾತ್ರಿಕನ ಸಂಚಾರ'ವಾಗಿ ಬಂತು. ಬೆನ್ನಿಗೆ ಹೊರೆ ಹೊತ್ತ ಮನುಷ್ಯ ಕೆಸರು, ಬೆಟ್ಟ, ಸಂತೆ ದಾಟಿ ನಡೆಯುವ ಈ ಕಥೆಯ ಹಳೆಯ ಗದ್ಯಕ್ಕೆ ಒಗ್ಗಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಅಚ್ಚು ಹಾಕಿದ ಅನೇಕ ಕನ್ನಡ ಪುಸ್ತಕಗಳನ್ನು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ, ಮೊಬೈಲಿನಲ್ಲೇ ಓದಬಹುದು.

ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ನಿಘಂಟಿನಿಂದ ಎಲ್ಲರಿಗೂ ಗೊತ್ತು. ಅವರು 1862ರಲ್ಲೇ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹಾಡಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಕಿಟೆಲ್ಲರಷ್ಟೇ ಪ್ರೀತಿಯಿಂದ ನೆನೆಯಬೇಕಾದ ಇನ್ನೊಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರಲ್ಲಿ ಹುಟ್ಟಿದ ಇವರು ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ವಚನಗಳು ಆಗ ಜನರ ಬಾಯಲ್ಲಿ, ಅಲ್ಲೊಂದು ಇಲ್ಲೊಂದು ಓಲೆಯಲ್ಲಿ ಚದುರಿದ್ದವು. ಚನ್ನಪ್ಪನವರು ಅವನ್ನು ಕೂಡಿಸಿ, ಪಾಠ ಹೋಲಿಸಿ, ವಿಷಯವಾರು ಜೋಡಿಸಿ 1924ರಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ ತ್ರಿಪದಿಗಳು ಪುಸ್ತಕದಲ್ಲಿ ಹೀಗೆ ನೆಲೆನಿಂತದ್ದರಲ್ಲಿ ಒಬ್ಬ ಚರ್ಚಿನ ಸಭಾಪಾಲಕರ ಬೆವರಿದೆ. ನಾಡು ಅದನ್ನು ಮರೆಯಲಿಲ್ಲ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಆ ಸಂಪಾದನೆಯನ್ನು ಮುನ್ನುಡಿ ಸಮೇತ ಓದಬೇಕು.

ಕಾಸರಗೋಡಿನ ಕಡೆಯಿಂದ ಬಂದ 'ಗೊಲ್ಗೊಥಾ' ಇದಕ್ಕೆ ಎದುರಾಗಿ ನಿಲ್ಲುವ ಕೃತಿ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೂ ಯೇಸುವಿನ ಕಡೆಯ ದಿನವನ್ನು ಅವರಷ್ಟು ತೀವ್ರವಾಗಿ ಕನ್ನಡದಲ್ಲಿ ಕಂಡ ಕವಿ ಇನ್ನೊಬ್ಬರಿಲ್ಲ ಎಂದೇ ನನ್ನ ಎಣಿಕೆ. ಬುದ್ಧನ ಕಡೆಯ ದಿನದ 'ವೈಶಾಖಿ'ಯನ್ನೂ ಅವರೇ ಬರೆದರು. ಎರಡನ್ನೂ ಒಟ್ಟಿಗೆ ಓದಿದರೆ ಒಳ್ಳೆಯದು. ಭಾಷೆ ಹಳೆಗನ್ನಡದತ್ತ ವಾಲುತ್ತದೆ, ಸಂಸ್ಕೃತದ ಭಾರವೂ ಇದೆ. ಒಂದೇ ಉಸಿರಿಗೆ ಓದಲಾಗದು. ಪಕ್ಕದಲ್ಲಿ ಕಿಟೆಲ್ ನಿಘಂಟು ಇರಲಿ, ಎಂ. ಮರಿಯಪ್ಪ ಭಟ್ಟರು ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಪರಿಷ್ಕರಿಸಿದ ನಾಲ್ಕು ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಇಷ್ಟೂ ಓದಿದವರು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇನ್ನೊಮ್ಮೆ ತೆರೆಯಬೇಕು. ಕುವೆಂಪು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ. 1967ರ ಈ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಮಲೆನಾಡಿನ ಕಾಡುದಾರಿಗೆ ಸೈಕಲ್ ತರುತ್ತಾನೆ, ಬೆಟ್ಟಳ್ಳಿಯ ದೇವಯ್ಯ ಕ್ರೈಸ್ತನಾಗಲು ಹೊರಡುತ್ತಾನೆ, ಮನೆಯವರು ಕಂಗೆಡುತ್ತಾರೆ. ಮಿಷನ್ನಿನವರು ತಂದ ವಿದ್ಯೆಯ ಆಕರ್ಷಣೆ, ಮತಾಂತರದ ಹಿಂದಿನ ಲೆಕ್ಕಾಚಾರ, ಜಾತಿಯ ಕ್ರೌರ್ಯ ಮೂರನ್ನೂ ಕುವೆಂಪು ಮುಚ್ಚಿಡದೆ ತೋರಿಸಿದ್ದಾರೆ. ನಂಬುವವರೂ ನಂಬದವರೂ ಜೊತೆಗೆ ಕೂತು ವಾದ ಮಾಡಲು ತಕ್ಕ ಪುಸ್ತಕ ಇದು, ಹಂಪಾಪುರದ ಗ್ರಂಥಾಲಯದಲ್ಲೂ ಹಾಗೆ ಒಂದು ಸಂಜೆ ವಾದವಾಗಲಿ.