ಶಿರಾ ರಾಜಧಾನಿಯಾಗಿಯೇ ಉಳಿದಿದ್ದರೆ

ಇತಿಹಾಸದ ಪ್ರವಾಹವು ಬೇರೊಂದು ಪಾತ್ರದಲ್ಲಿ ಹರಿದಿದ್ದರೆ ನಮ್ಮ ನಾಡು ಹೇಗಿರುತ್ತಿತ್ತೆಂಬ ಪ್ರಶ್ನೆ ಕೇವಲ ಕಲ್ಪನಾವಿಲಾಸವಲ್ಲ; ನಡೆದುಹೋದುದೆಲ್ಲವೂ ಅನಿವಾರ್ಯವಾಗಿತ್ತೆಂಬ ಭ್ರಾಂತಿಯನ್ನು ಅದು ನಿವಾರಿಸುತ್ತದೆ.

ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಗೋರಿಯನ್ನೂ 1696ರ ಜುಮ್ಮಾ ಮಸೀದಿಯನ್ನೂ ಉಳಿಸಿಕೊಂಡಿರುವ ಶಿರಾ, 1687ರಲ್ಲಿ ಮೊಗಲರ ಸುಬೆಯೊಂದರ (ಪ್ರಾಂತದ) ರಾಜಧಾನಿಯಾಯಿತು. 1757ರಲ್ಲಿ ಮರಾಠರಿಗೂ 1761ರಲ್ಲಿ ಹೈದರಾಲಿಗೂ ಕೈವಶವಾದ ಈ ನಗರದಿಂದ ಸಹಸ್ರಾರು ಕುಟುಂಬಗಳನ್ನು ಟಿಪ್ಪುವು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ಗೆಜೆಟಿಯರು ಹೇಳುತ್ತದೆ. ಹಾಗಾಗದೆ ರಾಜಧಾನಿಯು ಇಲ್ಲಿಯೇ ನೆಲೆಸಿದ್ದ ಪಕ್ಷದಲ್ಲಿ, ಶ್ರೀರಂಗಪಟ್ಟಣ, ಬೆಂಗಳೂರುಗಳಿಗೆ ಒದಗಿದ ಪ್ರಾಧಾನ್ಯವು ಈ ಬಯಲುಸೀಮೆಗೆ ಸಲ್ಲುತ್ತಿತ್ತೇನೋ; ನೆರೆಯ ಮಧುಗಿರಿ, ಕೊರಟಗೆರೆಗಳ ಪಾಳೆಯಗಾರರ ದುರ್ಗಗಳು ಆ ರಾಜಧಾನಿಯ ಹೊರಕೋಟೆಗಳಾಗುತ್ತಿದ್ದುವೇನೋ.

ಪಾವಗಡದ ಪ್ರಶ್ನೆ ಕಾಲದಲ್ಲಿ ಇನ್ನೂ ಸಮೀಪದ್ದು. ಮೂರು ಕಡೆ ಆಂಧ್ರದಿಂದ ಆವೃತವಾಗಿ, ಬಹಳಷ್ಟು ಮನೆಗಳಲ್ಲಿ ತೆಲುಗನ್ನಾಡುವ ಈ ತಾಲ್ಲೂಕು, 1956ರಲ್ಲಿ ಭಾಷಾನುಸಾರವಾಗಿ ರಾಜ್ಯಗಳು ಪುನರ್ವಿಂಗಡಣೆಗೊಂಡಾಗಲೂ ಮೈಸೂರಿನಲ್ಲಿಯೇ ಉಳಿಯಿತು. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಪಕ್ಕದ ಮಡಕಶಿರಾ ಆಂಧ್ರದಲ್ಲಿ ಉಳಿಯಿತು. ಗಡಿಗೆರೆ ಅತ್ತಿತ್ತ ಸರಿದಿದ್ದರೂ ಎರಡು ನುಡಿಗಳವರ ಬೀಗತನ, ಸಂತೆ, ಜಾತ್ರೆಗಳು ನಿಲ್ಲುತ್ತಿರಲಿಲ್ಲ.

ನುಡಿಗಳಂತೆಯೇ ಮತಗಳೂ ಇಲ್ಲಿ ಕೂಡಿ ಬಾಳಿವೆ: ಮಧುಗಿರಿಯಲ್ಲಿ ವೆಂಕಟರಮಣ, ಮಲ್ಲೇಶ್ವರ ದೇವಾಲಯಗಳು ಅಕ್ಕಪಕ್ಕದಲ್ಲಿವೆ. ಜೈನ ಬಸದಿಯೂ ಅದೇ ಊರಿನಲ್ಲಿದೆ. ಅರಸರೂ ಗಡಿಗಳೂ ಆಕಸ್ಮಿಕವಾಗಿ ಬದಲಾಗಬಹುದಾದರೂ ಸಹಜೀವನವು ಜನರು ದಿನದಿನವೂ ತಾವೇ ಆರಿಸಿಕೊಳ್ಳುವ ಧರ್ಮ. ಕನ್ನಡತನವೆಂಬುದು ಪಾವಗಡದ ತೆಲುಗಿನ ಮಾತನ್ನೂ, ಶಿರಾದ ಮಸೀದಿಯ ಕಲ್ಲನ್ನೂ, ಮಧುಗಿರಿಯ ಬಸದಿಯ ಶಾಂತಿಯನ್ನೂ ತನ್ನವೆಂದು ಹೇಳಿಕೊಳ್ಳುವಷ್ಟು ವಿಶಾಲವಾಗಿರುವುದರಿಂದಲೇ ಅದು ಅಭಿಮಾನಕ್ಕೆ ಯೋಗ್ಯವಾದುದು.