ರೇಸ್ ವಿಮಾನಕ್ಕೆ ಗನ್ ಕಟ್ಟಿದರೆ ಫೈಟರ್ ಆಗುತ್ತಾ?

1939ರ ಏಪ್ರಿಲ್ 26. ಜರ್ಮನಿಯ ಪೈಲಟ್ ಫ್ರಿಟ್ಜ್ ವೆಂಡೆಲ್ 'ಮಿ 209' ವಿಮಾನವನ್ನು ಗಂಟೆಗೆ 755 ಕಿಲೋಮೀಟರ್ ವೇಗದಲ್ಲಿ ಹಾರಿಸಿ ವಿಶ್ವದಾಖಲೆ ಮಾಡಿದ. ನಾಜಿ ಪ್ರಚಾರಯಂತ್ರ ಅದಕ್ಕೆ 'ಬಿಎಫ್ 109ಆರ್' ಅಂತ ಹೆಸರು ಕೊಟ್ಟಿತು. ತಮ್ಮ ವಾಯುಪಡೆಯ ಮಾಮೂಲಿ ಫೈಟರ್ 'ಬಿಎಫ್ 109' ಇಷ್ಟು ಜೋರಾಗಿ ಹಾರುತ್ತದೆ ಎಂದು ಜಗತ್ತು ನಂಬಲಿ ಅನ್ನೋದು ಲೆಕ್ಕಾಚಾರ.

ಅಸಲಿಗೆ ಅದು ಬೇರೆಯದೇ ವಿಮಾನ. ಗಾಳಿಯ ತಡೆ ತಗ್ಗಿಸಲು ರೇಡಿಯೇಟರ್ ಬಿಟ್ಟು, ಎಂಜಿನ್ನಿನ ಬಿಸಿನೀರನ್ನು ರೆಕ್ಕೆಯೊಳಗೆ ಹರಿಸಿ ತಣ್ಣಗಾಗಿಸುತ್ತಿದ್ದರು. ನೀರು ಆವಿಯಾಗಿ ಹೋಗುತ್ತಲೇ ಇತ್ತು. ಹೆಚ್ಚು ಹೊತ್ತು ಹಾರೋ ಹಾಗಿರಲಿಲ್ಲ. ರೆಕ್ಕೆಯಲ್ಲಿ ಗನ್‌ಗೂ ಜಾಗವಿಲ್ಲ. ಇದನ್ನೇ ಫೈಟರ್ ಮಾಡಲು ಹೊರಟು ರೇಡಿಯೇಟರ್, ಗನ್, ದೊಡ್ಡ ರೆಕ್ಕೆ ಸೇರಿಸಿದರು. ತೂಕ ಏರಿತು, ವೇಗ ಇಳಿಯಿತು. ಕೊನೆಗೆ ಯೋಜನೆಯನ್ನೇ ಕೈಬಿಟ್ಟರು.

ಹಾಗಾದರೆ ಬ್ರಿಟನ್ನಿನ ಸ್ಪಿಟ್‌ಫೈರ್? ಅದರ ವಿನ್ಯಾಸಕ ಆರ್.ಜೆ. ಮಿಚೆಲ್ 1931ರಲ್ಲಿ ಷ್ನೈಡರ್ ಟ್ರೋಫಿ ಗೆದ್ದ ರೇಸ್ ವಿಮಾನ 'ಎಸ್.6ಬಿ'ಯನ್ನೂ ರೂಪಿಸಿದ್ದು ನಿಜ. ಆ ಸ್ಪರ್ಧೆಗೆ ಸರ್ಕಾರ ದುಡ್ಡಿಲ್ಲ ಎಂದಾಗ ಲೇಡಿ ಹ್ಯೂಸ್ಟನ್ 1 ಲಕ್ಷ ಪೌಂಡ್ ಕೊಟ್ಟಿದ್ದರು. ಆದರೆ ಎಸ್.6ಬಿ ನೀರಿನ ಮೇಲೆ ಇಳಿಯುವ ವಿಮಾನ. ಅದಕ್ಕೆ ಗನ್ ಕಟ್ಟಿ ಸ್ಪಿಟ್‌ಫೈರ್ ಮಾಡಲಿಲ್ಲ. ನಡುವೆ ಮಿಚೆಲ್ ಮಾಡಿದ 'ಟೈಪ್ 224' ಫೈಟರ್ ಸೋತೂ ಹೋಯಿತು. 1936ರಲ್ಲಿ ಹಾರಿದ ಸ್ಪಿಟ್‌ಫೈರ್ ಹೊಸ ವಿನ್ಯಾಸ. ರೇಸಿನಿಂದ ಅದಕ್ಕೆ ದಕ್ಕಿದ್ದು ಮಿಚೆಲ್ ತಂಡ ಮತ್ತು ರೋಲ್ಸ್ ರಾಯ್ಸ್ ಎಂಜಿನಿಯರುಗಳ ಅನುಭವ.

ಅನುಭವ ದಾಟಿ ಬರುತ್ತೆ, ದಾಖಲೆ ಬರಲ್ಲ. ಯಾವುದೇ ಸರ್ಕಾರ ವೇಗದ ಅಂಕಿ ತೋರಿಸಿ ಎದೆ ತಟ್ಟಿಕೊಂಡರೆ ಕೇಳಿ: ಎಷ್ಟು ಹೊತ್ತು ಹಾರುತ್ತೆ? ಗುಂಡು ತಗುಲಿದ ಮೇಲೂ ವಾಪಸ್ ಬರುತ್ತಾ?