ಹಳೆಯ ಎಂ.ಪಿ.ಎಫ್.ಐ. ಗಾಡಿಗಳ ಚಳಿ ರೋಗ

ಕಾಫಿ ಕೊಯ್ಲು ಬಿರುಸಾಗುವುದೂ ಮಲೆನಾಡಿನಲ್ಲಿ ಚಳಿ ಬಲಿಯುವುದೂ ಒಟ್ಟಿಗೇ. ಬೆಳಗಿನ ಆರು ಗಂಟೆಗೆ ಕೆಲಸದವರನ್ನು ಕರೆತರಲು ಹೊರಟರೆ ಹಳೆಯ ಜಿಪ್ಸಿ ಸ್ಟಾರ್ಟೇನೋ ಆಗುತ್ತದೆ. ಆದರೆ ಮೈಯೆಲ್ಲ ನಡುಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ನಿಂತುಬಿಡುತ್ತದೆ. ಹತ್ತು ನಿಮಿಷ ಕಳೆದ ಮೇಲೆ ಏನೂ ಆಗದಂತೆ ಓಡುತ್ತದೆ. ಪಟ್ಟಣದ ಗ್ಯಾರೇಜು ತಲುಪುವ ಹೊತ್ತಿಗೆ ರೋಗವೇ ಮಾಯ. ಈ ಬಗ್ಗೆ ಬರೆಯಬೇಕೆಂದು ಹಲವು ಸದಸ್ಯರು ಕೇಳಿದ್ದರಿಂದ ನಮಗೆ ತಿಳಿದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಇದು ಬರಿಯ ಕಿರಿಕಿರಿಯ ಮಾತಲ್ಲ. ಘಾಟಿ ಇಳಿಯುವಾಗ ತಿರುವಿನಲ್ಲಿ ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನಿರ್ವಾತದ ನೆರವು ಒಂದೆರಡು ತುಳಿತಕ್ಕೆ ಮುಗಿದುಹೋಗುತ್ತದೆ; ಆಮೇಲೆ ಪೆಡಲು ಕಲ್ಲಿನಂತೆ ಗಟ್ಟಿ. ಹಿಂದಿನ ಸೀಟಿನಲ್ಲಿ ಕೆಲಸದವರು ತುಂಬಿರುವಾಗ ಹೀಗಾಗಬಾರದು.

ಮೊದಲು ರೋಗ ಚಳಿಯಲ್ಲಿ ಮಾತ್ರ ಕಾಣಿಸುವುದೇಕೆಂದು ತಿಳಿಯಬೇಕು. ಕಾರ್ಬ್ಯುರೇಟರಿನ ಕಾಲದಲ್ಲಿ ಚೋಕ್ ಎಳೆಯುವುದು ನಮ್ಮ ಕೈಯಲ್ಲಿತ್ತು. 2000ದ ಆಸುಪಾಸಿನಿಂದ ಬಂದ ಎಂ.ಪಿ.ಎಫ್.ಐ. ಜಿಪ್ಸಿ, ಮಾರುತಿ 800 ಮುಂತಾದವುಗಳಲ್ಲಿ ಆ ಕೆಲಸ ಕಂಪ್ಯೂಟರಿನದು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದು, ಗೋಡೆಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಹೆಚ್ಚು ಪೆಟ್ರೋಲು ಬೇಕು. ಎಷ್ಟು ಹೆಚ್ಚು ಎಂಬುದನ್ನು ಕಂಪ್ಯೂಟರು ನಿರ್ಧರಿಸುವುದು ಮುಖ್ಯವಾಗಿ ಎಂಜಿನ್ ನೀರಿನ ಶಾಖ ಅಳೆಯುವ ಸೆನ್ಸರಿನ ಮಾತು ಕೇಳಿ. ಎಂಜಿನ್ ಬಿಸಿಯಾದ ಬಳಿಕ ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರು ಹೊಗೆಯನ್ನು ಪರೀಕ್ಷಿಸಿ ಮಿಶ್ರಣ ಹೆಚ್ಚೋ ಕಡಿಮೆಯೋ ಹೇಳುತ್ತಿರುತ್ತದೆ. ಬೋರ್ಡೋ ದ್ರಾವಣ ಕಲಸಿದ ಮೇಲೆ ಚಾಕುವಿನ ಅಲಗನ್ನು ಅದ್ದಿ ತಾಮ್ರ ಅಂಟಿತೇ ಎಂದು ನೋಡಿ, ಅಂಟಿದರೆ ಸುಣ್ಣ ಸೇರಿಸುತ್ತೇವಲ್ಲ, ಹಾಗೆಯೇ. ಆದರೆ ಈ ಚಾಕು ಸುಮಾರು 300 ಡಿಗ್ರಿ ಶಾಖಕ್ಕೇರುವ ತನಕ ಕೆಲಸ ಮಾಡದು. ಅಲ್ಲಿಯವರೆಗೆ ಅಳತೆ ತಪ್ಪಿದರೂ ತಿದ್ದುವವರಿಲ್ಲ. ಬಿಸಿಯಾದಾಗ ಮುಚ್ಚಿಹೋಗುವ ಸಣ್ಣ ದೋಷವೆಲ್ಲ ಬೆಳಗಿನ ಜಾವ ಬಯಲಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಪರೀಕ್ಷೆಯನ್ನೂ ರಾತ್ರಿಯಿಡೀ ನಿಂತ ಗಾಡಿಯ ಮೇಲೇ ಮಾಡಬೇಕು. ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ, ಇಲ್ಲವೇ ಹಿಂದಿನ ಸಂಜೆಯೇ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟುಬನ್ನಿ. ಮೊದಲ ಪ್ರಶ್ನೆ: ಪೆಟ್ರೋಲು ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ? ಹೊಗೆಯಲ್ಲಿ ಹಸಿ ಪೆಟ್ರೋಲಿನ ವಾಸನೆ, ಕೊಳವೆಯ ಬಾಯಲ್ಲಿ ಮಸಿ, ಪ್ಲಗ್ಗು ಕಪ್ಪಾಗಿದ್ದರೆ ಹೆಚ್ಚು. ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸಿದರೆ, ಗಾಳಿ ಎಳೆಯುವ ಕಡೆಯಿಂದ ಪಟ್ಟೆಂದು ಸಿಡಿದರೆ, ಪ್ಲಗ್ಗು ಬಿಳಿಚಿದ್ದರೆ ಕಡಿಮೆ. ಇಷ್ಟು ಗೊತ್ತಾದರೆ ಅರ್ಧ ಹುಡುಕಾಟ ಮುಗಿದಂತೆ.

ನಮ್ಮ ಅನುಭವದಲ್ಲಿ ಮೊದಲು ನೋಡತಕ್ಕದ್ದು ನೀರಿನ ಶಾಖದ ಸೆನ್ಸರು. ಮೀಟರಿನ ಶಾಖದ ಮುಳ್ಳಿಗೆ ಬೇರೊಂದು ಸೆನ್ಸರು ಇರುವುದುಂಟು, ಅದನ್ನು ಇದೆಂದು ಭಾವಿಸಬಾರದು. ಕೀಲಿ ತೆಗೆದು, ಕನೆಕ್ಟರು ಬಿಚ್ಚಿ, ಮಲ್ಟಿಮೀಟರಿನಿಂದ ಸೆನ್ಸರಿನ ರೋಧ ಅಳೆಯಿರಿ. ಮಾರುತಿ ಗಾಡಿಗಳಲ್ಲಿ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ಇರಬೇಕು. ಚಳಿ ಹೆಚ್ಚಿದಷ್ಟೂ ರೋಧ ಹೆಚ್ಚು. ತಣ್ಣಗಿರುವಾಗಲೇ ನಾನೂರು ಐನೂರು ತೋರಿಸಿದರೆ, ಎಂಜಿನ್ ಬಿಸಿಯಾಗಿದೆಯೆಂದು ಅದು ಸುಳ್ಳು ಹೇಳುತ್ತಿದೆ. ಕಂಪ್ಯೂಟರು ಪೆಟ್ರೋಲು ಕಡಿಮೆ ಕೊಡುತ್ತದೆ, ಗಾಡಿ ನಡುಗುತ್ತದೆ. ಇನ್ನು ನಮ್ಮ ಮಳೆಗಾಲ ಕಳೆದ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಸಾಮಾನ್ಯ. ಕಿಲುಬು ರೋಧವನ್ನು ಹೆಚ್ಚಿಸುವುದರಿಂದ ಎಂಜಿನ್ ಇದ್ದುದಕ್ಕಿಂತ ತಣ್ಣಗಿದೆಯೆಂದು ಕಂಪ್ಯೂಟರು ಭಾವಿಸಿ ಪೆಟ್ರೋಲು ಸುರಿಯುತ್ತದೆ. ಇಂಥ ಸುಳ್ಳು ನಂಬುವಂತಿದ್ದರೆ ಎಂಜಿನ್ ಎಚ್ಚರಿಕೆಯ ದೀಪ ಉರಿಯುವುದಿಲ್ಲ. ದೀಪವಿಲ್ಲ, ಆದ್ದರಿಂದ ಸೆನ್ಸರೆಲ್ಲ ಸರಿ ಎಂಬ ವಾದವನ್ನು ಒಪ್ಪಬೇಡಿ. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಸೆನ್ಸರಿನ ಬಳಿ ಗಾಳಿ ನಿಂತರೂ ಅಳತೆ ತಪ್ಪುತ್ತದೆ.

ಇದೇ ಸಂದರ್ಭದಲ್ಲಿ ಥರ್ಮೋಸ್ಟ್ಯಾಟ್ ವಿಷಯ. ನಮ್ಮದು ಬಿಸಿ ದೇಶ, ಇದು ಬೇಡ ಎಂದು ಕೆಲವು ಮೆಕ್ಯಾನಿಕ್ಕುಗಳು ಅದನ್ನು ಕಿತ್ತೆಸೆಯುತ್ತಾರೆ. ಆಗ ಎಂಜಿನ್ ಬೇಗ ಬಿಸಿಯಾಗದು, ಘಾಟಿ ಇಳಿಯುವಾಗ ಮತ್ತೆ ತಣ್ಣಗಾಗುತ್ತದೆ, ದಿನವಿಡೀ ಚೋಕ್ ಎಳೆದಂತೆ ಪೆಟ್ರೋಲು ಕುಡಿಯುತ್ತದೆ. ಹೆಚ್ಚಾದ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ತೆಗೆದಿದ್ದರೆ ದಯವಿಟ್ಟು ಹಾಕಿಸಿ.

ಎರಡನೆಯದು ಗಾಳಿ ಸೋರಿಕೆ. ಹಳೆಯ ರಬ್ಬರು ಪೈಪು ಚಳಿಗೆ ಬಿರುಸಾಗಿ ಬಿರುಕು ತೆರೆಯುತ್ತದೆ, ಬಿಸಿಗೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ಓಡುತ್ತಿರುವಾಗ ಪೈಪುಗಳ ಮೇಲೂ ಮ್ಯಾನಿಫೋಲ್ಡಿನ ಕೂಡುಗೆರೆಯ ಮೇಲೂ ಕೈಪಂಪಿನಿಂದ ತುಸು ನೀರು ಸಿಂಪಡಿಸಿ. ಎಲ್ಲಿ ಸದ್ದು ಬದಲಾಯಿತೋ ಅಲ್ಲಿ ಸೋರಿಕೆ. (ಬೋರ್ಡೋ ಸಿಂಪಡಿಸಿದ ಪಂಪು ಬೇಡ. ಪೆಟ್ರೋಲನ್ನಂತೂ ಸಿಂಪಡಿಸಲೇಬೇಡಿ.) ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿಗೆ ಹೋಗುವ ಸಣ್ಣ ಪೈಪನ್ನು ವಿಶೇಷವಾಗಿ ನೋಡಿ, ಅದು ಸೋರಿದರೆ ಪೆಟ್ರೋಲು ಹೆಚ್ಚಾಗುತ್ತದೆ. ಥ್ರಾಟಲ್ ಬಾಡಿಯ ಪಕ್ಕದ ಐಡ್ಲಿಂಗ್ ವಾಲ್ವಿನಲ್ಲಿ ಮಸಿ ಕಟ್ಟಿದ್ದರೆ ಚಳಿಯಲ್ಲಿ ಬೇಕಾದಷ್ಟು ಗಾಳಿ ಸಿಗದು. ಬಿಚ್ಚಿ ತೊಳೆಸಿದರೆ ಸಾಕು.

ಪಂಪಿನ ಪರೀಕ್ಷೆ ಸುಲಭ. ಸ್ಟಾರ್ಟ್ ಮಾಡದೆ ಕೀಲಿ ತಿರುಗಿಸಿದರೆ ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಿಸುತ್ತದೆ. ಹೀಗೆ ಎರಡು ಮೂರು ಬಾರಿ ಮಾಡಿದ ಮೇಲೆ ಚೆನ್ನಾಗಿ ಸ್ಟಾರ್ಟ್ ಆದರೆ ರಾತ್ರಿ ಎಲ್ಲೋ ಒತ್ತಡ ಇಳಿದುಹೋಗುತ್ತಿದೆ ಎಂದರ್ಥ. ಒಂದೇ ಸಿಲಿಂಡರು ತಪ್ಪುತ್ತಿದ್ದರೆ ಪ್ಲಗ್ಗು, ಪ್ಲಗ್ ವೈರು, ಇಂಜೆಕ್ಟರು ನೋಡಿ. ಇಲಿ ಕಡಿದ ವೈರು ಕೂಡ. ಅಡಿಕೆ ಮೂಟೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2025ರಿಂದ ಬಹುತೇಕ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತದ್ದು. ಶುದ್ಧ ಪೆಟ್ರೋಲು ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇದಕ್ಕೆ ಸುಮಾರು 13.5 ಸಾಕು. ಹಳೆಯ ಕಂಪ್ಯೂಟರಿಗೆ ಈ ಲೆಕ್ಕ ಗೊತ್ತಿಲ್ಲ. ಬಿಸಿಯಾದ ಮೇಲೆ ತಿದ್ದಿಕೊಳ್ಳುತ್ತದೆ, ಚಳಿಯಲ್ಲಿ ಮಿಶ್ರಣ ತೆಳುವಾಗಿಯೇ ಇರುತ್ತದೆ. ಹಿಂದೆ ಹೇಗೋ ನಡೆಯುತ್ತಿದ್ದ ಸಣ್ಣ ದೋಷ ಈಗ ತಲೆಯೆತ್ತುವುದಕ್ಕೆ ಇದೂ ಒಂದು ಕಾರಣ. ಎಥನಾಲು ನೀರನ್ನು ಹೀರುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ಗಾಡಿ ನಿಲ್ಲಿಸಬಾರದು.

ಕಳೆದ ಕೊಯ್ಲಿನಲ್ಲಿ ಸದಸ್ಯರೊಬ್ಬರು ಪಂಪು, ಇಂಜೆಕ್ಟರು ಎರಡನ್ನೂ ಹೊಸದಾಗಿ ಹಾಕಿಸಿದರು. ಕಂಪ್ಯೂಟರನ್ನೂ ಬದಲಿಸಲು ಗ್ಯಾರೇಜಿನವರು ಹೇಳಿದಾಗ ನಮ್ಮಲ್ಲಿಗೆ ಬಂದರು. ಮರುದಿನ ಬೆಳಿಗ್ಗೆ ಅವರ ಶೆಡ್ಡಿನಲ್ಲೇ ಅಳೆದು ನೋಡಲಾಗಿ ಸೆನ್ಸರು 450 ಓಮ್ ತೋರಿಸಿತು. ಈ ಕಾರಣಕ್ಕಾಗಿ ಸಂಘದ ಕಚೇರಿಯಲ್ಲಿ ಒಂದು ಮಲ್ಟಿಮೀಟರ್ ಇರಿಸಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಸಂಜೆ ಒಯ್ದು, ಮರುದಿನ ಮಧ್ಯಾಹ್ನದೊಳಗೆ ಹಿಂದಿರುಗಿಸತಕ್ಕದ್ದು. ಅದರೊಳಗಿನ ಬ್ಯಾಟರಿ ಸಹಿತ.